ಜೋಳದ ತಾಯಿಗೆ ಮೊದಲ ತುತ್ತು

ಫಿಡೆನ್ಸಿಯೊನ ಮದುವೆ ಒಂದು ಮೆಕ್ಕೆಜೋಳದ ಕಡುಬಿನ ಮೇಲೆ, ಅಂದರೆ ಒಂದು ತಮಾಲೆಯ ಮೇಲೆ ನಿಂತಿತ್ತು.

ಅವನೂರು ಸಾನ್ ಮತೆಯೋದಲ್ಲಿ, ಜೋಳದ ತಾಯಿಗೆ ವರ್ಷದ ಮೊದಲ ತುತ್ತು ಇಟ್ಟವನೇ ಆ ವರ್ಷದ ಹಬ್ಬದ ಯಜಮಾನ. ಒಮ್ಮೆಯಾದರೂ ಯಜಮಾನನಾಗದ ಗಂಡಿಗೆ ಮಗಳನ್ನು ಕೊಡುವುದಿಲ್ಲವೆಂದು ಅವನು ಮೆಚ್ಚಿದ ಒತಿಲಿಯಾಳ ತಾಯಿ ದೋನ್ಯಾ ಚೋನಾ ಕಡ್ಡಿ ಮುರಿದಂತೆ ಹೇಳಿದ್ದಳು. ತೊಡಕೆಂದರೆ, ಅಜ್ಟೆಕರ ಕಾಲದ ಆ ಕಲ್ಲಿನ ತಾಯಿಯನ್ನು ತಾತಂದಿರ ಕಾಲದಲ್ಲೇ ರಾಜಧಾನಿಯ ಮ್ಯೂಸಿಯಮ್ಮಿಗೆ ಸಾಗಿಸಿದ್ದರು. ಅಲ್ಲಿ ಮನುಷ್ಯರಿಗೆ ಪ್ರವೇಶವಿತ್ತು, ತಿಂಡಿಗೆ ಇರಲಿಲ್ಲ.

ಭಾನುವಾರ ಅರ್ಧ ಊರೇ ಬಸ್ಸು ಹತ್ತಿತು. ತಮಾಲೆಯನ್ನು ಎಲ್ಲಿ ಬಚ್ಚಿಡಬೇಕೆಂದು ದಾರಿಯುದ್ದಕ್ಕೂ ತಲೆಗೊಂದು ಸಲಹೆ. ತಾಯಿಗೆ ತಣ್ಣಗಾದದ್ದನ್ನು ಇಡಬಾರದೆಂಬ ದೋನ್ಯಾ ಚೋನಾಳ ಮಾತೇ ಕೊನೆಗೆ ಗೆದ್ದು, ಖಾರ ತುಂಬಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಹಬೆಯಾಡುತ್ತಿದ್ದ ತಮಾಲೆ ನೇರವಾಗಿ ಅವನ ಟೋಪಿಯೊಳಗೆ ಸೇರಿತು. ನೆತ್ತಿ ಒಲೆಯ ಮೇಲಿನ ಹೆಂಚಿನಂತೆ ಕಾಯತೊಡಗಿತು.

ಬಾಗಿಲಲ್ಲಿ ಕಾವಲುಗಾರ್ತಿ ಟೋಪಿ ತೆಗೆಯಲು ಹೇಳಿದಳು.

"ತಲೇಲಿ ಹುಣ್ಣಮ್ಮಾ ಅವನಿಗೆ" ಎಂದಳು ದೋನ್ಯಾ ಚೋನಾ.

ಜೇನು ಕಚ್ಚಿದೆ ಎಂದ ಇನ್ನೊಬ್ಬ. ಹರಕೆ ಎಂದಳು ಮತ್ತೊಬ್ಬಳು. ಅಷ್ಟರಲ್ಲಿ ಮೆಣಸಿನಕಾಯಿಯ ಕೆಂಪು ರಸ ಫಿಡೆನ್ಸಿಯೊನ ಕಿವಿಯ ಹಿಂದಿನಿಂದ ಕತ್ತಿಗೆ ಇಳಿಯಿತು. ಕಾವಲುಗಾರ್ತಿ ರಕ್ತವೆಂದು ಬೆದರಿ ಔಷಧಿ ತರಲು ಓಡಿದಳು.

ಅವನೂ ಓಡಿದ. ಮೂರನೆಯ ಕೋಣೆಯಲ್ಲಿ ಎರಡೂ ಕೈಯಲ್ಲಿ ತೆನೆ ಹಿಡಿದ ತಾಯಿ ಕಂಡಳು. ಖಾರದ ರಸ ಇಳಿದು ಉರಿಯುವ ಕಣ್ಣಲ್ಲೇ ಮೊಣಕಾಲೂರಿ, ತಮಾಲೆಯ ಸಿಪ್ಪೆ ಬಿಡಿಸಿ ಅವಳ ಪಾದದ ಬಳಿ ಇಟ್ಟ.

ಹಿಂದಿನಿಂದ ಚಪ್ಪಾಳೆ ಕೇಳಿತು. ಅಲ್ಲಿ ಪಕ್ಕದೂರು ಸಾನ್ ಲುಕಾಸ್‌ನ ಐವರು ಹಿರಿಯರು ಬಚ್ಚಿಟ್ಟು ತಂದ ತಮ್ಮದೇ ತಮಾಲೆಯ ಗಂಟು ಹಿಡಿದು, ಮೂರು ದಿನ ಊರಿಗೆಲ್ಲ ಊಟ ಹಾಕುವ ಯಜಮಾನಿಕೆಗೆ ಹೆದರಿ, ಬೆಳಗಿನಿಂದ ನೀನಿಡು, ನೀನಿಡು ಎಂದು ಒಬ್ಬರನ್ನೊಬ್ಬರು ತಳ್ಳುತ್ತ ನಿಂತಿದ್ದರು. ಅವರಲ್ಲಿ ಹಿರಿಯನಾದ ದೋನ್ ನಾಬೋರ್ ಬಂದು ಫಿಡೆನ್ಸಿಯೊನನ್ನು ಅಪ್ಪಿಕೊಂಡ.

"ನಿಮ್ಮೂರ ತಾಯಿ ಆ ಕಂಬದಾಚೆ ಅವ್ಳೆ ಮಗಾ. ಇವಳು ನಮ್ಮೋಳು. ಯಜಮಾನ ಆದ್ಮೇಲೆ ಇನ್ನು ಒಂದು ವರ್ಷ ನೀನು ನಮ್ಮೂರಲ್ಲೇ ಇರಬೇಕು, ಯಜಮಾನ್ರೇ."

ತಪ್ಪಾಯಿತು, ತಿಳಿಯದೆ ಇಟ್ಟೆ ಎಂದು ಫಿಡೆನ್ಸಿಯೊ ಕೈಮುಗಿದ.

"ತಾಯಿ ಬಾಯಿಗಿಟ್ಟ ತುತ್ತನ್ನ ಕಿತ್ಕೊಳ್ತೀಯಾ?" ಎಂದ ದೋನ್ ನಾಬೋರ್.

ಅಷ್ಟರಲ್ಲಿ ಹಿಂದೆಯೇ ಓಡಿಬಂದ ಅವನೂರಿನವರು ಸುತ್ತ ನೆರೆದರು. ದೋನ್ಯಾ ಚೋನಾ ಸೆರಗಿನಂಥ ತನ್ನ ಶಾಲಿನಿಂದ ಕಣ್ಣೊರೆಸಿಕೊಂಡು ಅವನ ಕೆನ್ನೆ ಸವರಿದಳು. "ಯಜಮಾನನಾದೆ ಕಣಪ್ಪಾ. ಇನ್ನು ನಿನ್ನನ್ನ ಯೋಗ್ಯ ಅಲ್ಲ ಅನ್ನೋರು ಯಾರೂ ಇಲ್ಲ."

ಫಿಡೆನ್ಸಿಯೊನ ಮುಖ ಅರಳಿತು. ಒತಿಲಿಯಾ ನಾಚಿ ತಲೆ ತಗ್ಗಿಸಿದಳು.

"ಆದ್ರೆ ನೀನೀಗ ಸಾನ್ ಲುಕಾಸ್‌ನೋನು" ಎಂದಳು ದೋನ್ಯಾ ಚೋನಾ ಮೆಲ್ಲಗೆ. "ಆ ಊರಿಗೆ ನಾವು ಹೆಣ್ಣು ಕೊಡೋದಿಲ್ಲ."

ಸಂಜೆ ಎರಡು ಬಸ್ಸುಗಳು ಹೊರಟವು. ಸಾನ್ ಲುಕಾಸ್‌ನವರು ಬಹಳ ಒಳ್ಳೆಯವರು. ಅವನಿಗೆ ಕಿಟಕಿ ಪಕ್ಕದ ಸೀಟನ್ನೇ ಬಿಟ್ಟುಕೊಟ್ಟರು.