ಮಾವನ ಕರಿ ಇಟ್ಟಿಗೆ

ದೊಡ್ಡಬಳ್ಳಾಪುರದ ಪೇಟೆ ಬೀದಿಯಲ್ಲಿ ಒಂದು ಹಳೇ ಇಟ್ಟಿಗೆ ಮಳಿಗೆ ಇದೆ. ಅದನ್ನು ಕಟ್ಟಿಸಿದವರಿಗೆ ತಲೆ ಕೆಟ್ಟಿತ್ತು ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳಿದ್ದು ಸುಳ್ಳಲ್ಲ. ಅವರು ನಮ್ಮ ಮಾವ, ಒಂದೇ ಮನೆಯಲ್ಲಿ ಬಾಳಿದ ಸೊಸೆ ನಾನು, ನನಗೆ ಗೊತ್ತಿಲ್ಲವೇ!

ನಮ್ಮದು ನೇಯುವ ಮನೆ. ಜರ್ಮನಿ ಯುದ್ಧದ ಕಾಲ, ಹತ್ತಿ ನೂಲು ಸಿಗದೆ ಮಗ್ಗ ನಿಂತಿತ್ತು. ಮಗ್ಗ ನಿಂತರೆ ಬೇರೆಯವರು ಜಗಲಿ ಮೇಲೆ ಕೂತು ಎಲೆ ಅಡಿಕೆ ಅಗಿಯುತ್ತಾರೆ. ನಮ್ಮ ಮಾವ ಮಳಿಗೆ ಕಟ್ಟಿಸಲು ಹೊರಟರು. ಇಟ್ಟಿಗೆ ಗೂಡಿಗೆ ಹೋಗಿ ಅವರು ಕೇಳಿದ್ದೇನು? ಬೆಂದು ಕರಿಕಾದ ಇಟ್ಟಿಗೆ!

"ಅದು ಚರಂಡಿಗೆ ಹಾಕೋದು, ಯಜಮಾನ್ರೇ!" ಎಂದನಂತೆ ಗೂಡಿನವನು.

"ನಂಗೆ ಅದೇ ಬೇಕು ಕಣಯ್ಯ, ಗಾಡಿಗೆ ತುಂಬು."

ಮುಂಗೋಡೆಯ ಬುಡದಲ್ಲಿ ಎರಡು ಸಾಲು ಕರಿ, ಒಂದು ಸಾಲು ಕೆಂಪು, ಮತ್ತೆ ಎರಡು ಸಾಲು ಕರಿ. ಮೇಲೆಲ್ಲ ಬರೀ ಕೆಂಪು. ಒಂದೇ ಒಂದು ಇಟ್ಟಿಗೆ ತಪ್ಪಿದರೂ ಕೀಳಿಸುವರು. ಮೇಸ್ತ್ರಿ ನನ್ನ ಮುಂದೆ ಗೋಳಾಡಿದ: "ತಾಯೀ, ನಾನು ಗೋಡೆ ಕಟ್ತಿದ್ದೀನೋ, ಜಡೆ ಹೆಣೀತಿದ್ದೀನೋ?"

ಗೋಡೆಗೆ ಗಾರೆ ಮೆತ್ತುವುದಂತೂ ಮಾವನಿಗೆ ಬೇಡವೇ ಬೇಡ. ಬೆಳಗಾದರೆ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ಬೀದಿ ನಡುವೆ ನಿಂತು ಗೋಡೆ ನೋಡುವರು. "ಗೋಡೆ ಎಲ್ಲೂ ಓಡೋಗಲ್ಲ, ದಾರಿ ಬಿಡಿ ಯಜಮಾನ್ರೇ!" ಎಂದು ಗಾಡಿಯವರು ಕೂಗಬೇಕು. ಎದುರಂಗಡಿಯವನು ನನ್ನನ್ನು ಕಂಡಾಗಲೆಲ್ಲ ಹಲ್ಲು ಕಿರಿದು, "ಏನಮ್ಮಾ, ನಿಮ್ಮ ಮಳಿಗೆಗೆ ಬೆಂಕಿ ಬಿದ್ದಿತ್ತಾ?" ಎನ್ನುವನು. ಮಾನ ಹೋದದ್ದು ನನ್ನದು!

ಹಿರಿಯರ ಹಬ್ಬ ಬಂತು. ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯಬೇಕಲ್ಲ? ರೇಷ್ಮೆ ಎಳೆಯಾದರೂ ಸಿಕ್ಕೀತೇ ಎಂದು ಮಾವ ಹತ್ತಿರದ ವಿಜಯಪುರಕ್ಕೆ ಹೋಗಿದ್ದರು. ನಾನು ಮೇಸ್ತ್ರಿಯನ್ನು ಕರೆಸಿದೆ.

"ಮಳಿಗೆಗೂ ಗಾರೆ ಮೆತ್ತಿ ಸುಣ್ಣ ಹೊಡಿ."

"ಯಜಮಾನ್ರು ಕೊಂದಾಕ್ತಾರೆ ತಾಯೀ!"

"ಅವರ ಹತ್ರ ನಾನು ಮಾತಾಡ್ತೀನಿ. ನೀನು ಮೆತ್ತು."

ಹಬ್ಬದ ಹಿಂದಿನ ದಿನ ಮಾವ ಬಂದರು. ಜಗಳಕ್ಕೆ ಸೆರಗು ಕಟ್ಟಿ ನಿಂತಿದ್ದೆ. ಅವರು ಗಂಟು ಕೆಳಗಿಟ್ಟು ಗೋಡೆ ನೋಡಿದರು. "ಬೆಳ್ಳಗಾಯ್ತಲ್ಲಮ್ಮಾ" ಎಂದರು. ಅಷ್ಟೇ.

ಮಾರನೆಯ ದಿನ ಹಿರಿಯರ ಎಡೆಯ ಮುಂದೆ ಇಡಲು, ಅದುವರೆಗೆ ಯಾರಿಗೂ ಮುಟ್ಟಗೊಡದ ಟ್ರಂಕಿನಿಂದ ಮಾವ ನಮ್ಮತ್ತೆಯ ಸೀರೆ ತೆಗೆದುಕೊಟ್ಟರು. ನಾನು ಆ ಮನೆಗೆ ಬರುವ ಮೊದಲೇ ಅತ್ತೆ ಹೋಗಿಬಿಟ್ಟಿದ್ದರು, ಒಂದು ಫೋಟೋ ಕೂಡ ಇರಲಿಲ್ಲ. ಮಡಿಕೆ ಬಿಚ್ಚಿದೆ. ಮಾವ ಕೈಯಾರೆ ನೇಯ್ದ ಕೆಂಪು ಸೀರೆ. ಅಂಚಿನಲ್ಲಿ ಎರಡು ಕರಿ ಪಟ್ಟಿ, ಒಂದು ಕೆಂಪು, ಮತ್ತೆ ಎರಡು ಕರಿ.

"ಮೊದ್ಲೇ ಒಂದ್ಮಾತು ಹೇಳ್ಬಾರ್ದಿತ್ತಾ, ಮಾವಾ?"

"ಏನಂತ ಹೇಳ್ಲಮ್ಮಾ? ನೇಯೋರ ಮನೇಲಿ ಹುಟ್ಟಿದೋಳು, ಗೋಡೇಲಿ ಸೀರೆ ಅಂಚು ಕಂಡಿರ್ತೀಯ ಅನ್ಕೊಂಡಿದ್ದೆ."

ಗಾರೆ ಕೀಳಿಸುತ್ತೇನೆ ಎಂದೆ. ಇಟ್ಟಿಗೆಯ ಮುಖ ಕಿತ್ತುಬರುತ್ತದೆ, ಬಿಡು ಎಂದರು. ಆಮೇಲೆ ಇರುವವರೆಗೂ ಮಳಿಗೆಯ ಹಿಂದಿನ ಬೀದಿಯಲ್ಲೇ ಓಡಾಡಿದರು.

ಮಾವ ಹೋಗಿ ಎಷ್ಟೋ ವರ್ಷವಾಯಿತು. ಈಗ ಮಳಿಗೆಯ ಮುಂಗೋಡೆಯ ಬುಡದ ಒಂದು ಮೂಲೆಯಲ್ಲಿ ಮೊರದಗಲ ಗಾರೆ ಉದುರಿ ಆ ಸೀರೆಯ ಅಂಚು ಕಾಣುತ್ತಿದೆ. ನಾನು ಯಾರ ಮುಂದೆಯೂ ತಗ್ಗಿದವಳಲ್ಲ. ಅಲ್ಲಿ ಮಾತ್ರ, ಅತ್ತೆಯ ಮುಂದೆ ಸೊಸೆ ನಿಲ್ಲುವ ಹಾಗೆ, ಸೆರಗು ಹೊದ್ದು ಒಂದು ಗಳಿಗೆ ನಿಂತು ಬರುತ್ತೇನೆ.