ನನ್ನೆದೆಗೊಂದು ಮೀಟರು

ಸಾವಿನ ಭಯ ಹೊಕ್ಕ ಮನೇಲಿ ನಗೋ ಪ್ರಸಂಗಗಳಿಗೆ ಬರ ಇರಲ್ಲ. ನಗೋರು ಇರಲ್ಲ, ಅಷ್ಟೆ.

ತಾಳವಾಡಿಯಲ್ಲಿ ನಂದೊಂದು ಜಿಮ್ಮಿದೆ. ಜಿಮ್ಮು ಅಂದ್ರೆ ಭಾರೀ ಅಂದ್ಕೋಬೇಡಿ. ತಗಡಿನ ಶೆಡ್ಡು, ತುಕ್ಕು ಹಿಡಿದ ನಾಲ್ಕು ಜೊತೆ ತೂಕ, ಮೂಲೆ ಒಡೆದ ಕನ್ನಡಿ. ಪೊಲೀಸು, ಫಾರೆಸ್ಟು ಅಂತ ಕೆಲಸದ ಆಯ್ಕೆಗೆ ತಯಾರಾಗೋರು ಬರ್ತಾರೆ. ಅವರ ಜೊತೆ ಓಡೋದು, ಅವರ ಜೊತೆ ತೂಕ ಎತ್ತೋದು, ಇದೇ ನನ್ನ ಕಸುಬು. ಹೋದ ವರ್ಷ ನಮ್ಮಣ್ಣ ಕೋಸಿಗೆ ನೀರು ಹಾಯಿಸಕ್ಕೆ ಹೋದೋನು ಹೊಲದಲ್ಲೇ ಬಿದ್ದುಹೋದ. ಎದೆ ನೋವು ಅಂತ ಒಂದು ದಿನಾನೂ ಅಂದೋನಲ್ಲ. ಅವ್ವನಿಗೆ ಇದ್ದೋರು ಇಬ್ಬರೇ ಮಕ್ಕಳು, ಉಳಿದೋನು ನಾನೊಬ್ಬ. ಅವತ್ತಿಂದ ನಾನು ಕೆಮ್ಮಿದ್ರೂ ಸಾಕು, ಅವ್ವ ಕೈಲಿದ್ದ ಕೆಲಸ ಬಿಟ್ಟು ನನ್ನ ಎದೆ ಕಡೆ ನೋಡ್ತಾಳೆ.

ಡಾಕ್ಟರ ಸಲಹೆ

ಅವ್ವನೇ ನನ್ನನ್ನ ಚಾಮರಾಜನಗರದ ಡಾಕ್ಟರ ಹತ್ರ ಎಳ್ಕೊಂಡು ಹೋದ್ಲು. ಅವರು ಎಲ್ಲಾ ಪರೀಕ್ಷೆ ಮಾಡಿ, ಅಣ್ಣನ ಕಾಯಿಲೆ ನನ್ನಲ್ಲೂ ಸಣ್ಣಗೆ ಶುರುವಾಗಿದೆ ಅಂದ್ರು. ಮಾತ್ರೆ ಬರೆದ್ರು. ಓಡೋದು ಬಿಡೋದೇನೂ ಬೇಡ, ಆದ್ರೆ ಎದೆಬಡಿತ ನೂರ ನಲವತ್ತು ದಾಟಬಾರದು, ಅದನ್ನ ಎಣಿಸೋ ಮಿಷನ್ನು ಕಟ್ಟಿಕೊಂಡೇ ಓಡಬೇಕು ಅಂದ್ರು. ಯಾವುದು ಒಳ್ಳೇದು ಅಂತ ಕೇಳ್ದೆ. ಕೈಗೆ ಕಟ್ಟೋದು ಸುಲಭವಂತೆ, ಆದ್ರೆ ತೂಕ ಎತ್ತುವಾಗ ಮಣಿಕಟ್ಟು ಬಿಗಿದು ಲೆಕ್ಕ ತಪ್ಪುತ್ತಂತೆ. ಎದೆಗೆ ಬಿಗಿಯೋ ಬೆಲ್ಟಾದ್ರೆ ಸರಿಯಾಗಿ ಹೇಳುತ್ತಂತೆ. ಅವ್ವ ಅಲ್ಲೀತನಕ ಸುಮ್ನೆ ಕೇಳ್ತಾ ಕೂತಿದ್ದೋಳು, ನೀವು ಯಾವುದು ಕಟ್ಟಿದ್ದೀರಿ ಸಾಮಿ ಅಂದ್ಲು.

"ನಾನು ಕಟ್ಟಲ್ಲಮ್ಮ," ಅಂದ್ರು ಡಾಕ್ಟರು. "ನೋಡಿದ್ರೆ ಭಯ ಆಗುತ್ತೆ."

ಜೋಳದ ತೆನೆ

ನಾನು ಸೋಮಾರಿ ಮನುಷ್ಯ, ಸುಲಭದ್ದೇ ಆರಿಸಿದೆ. ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿ ಕೈಗೆ ಕಟ್ಟೋ ವಾಚು ತಂದೆ. ಅಂಗಡಿಯೋನು ತಮಿಳಲ್ಲಿ ಅದರ ಗುಣಗಾನ ಮಾಡಿದ್ದೇ ಮಾಡಿದ್ದು. ಬರ್ತಾ ಬಸ್ಸಲ್ಲಿ ಅದನ್ನೇ ನೋಡ್ತಾ ಕೂತೆ. ಒಂದು ತಿರುವಲ್ಲಿ ಎದುರಿಗೆ ಲಾರಿ ಬಂದು, ಡ್ರೈವರು ಬ್ರೇಕ್ ಒತ್ತಿ, ಬಸ್ಸೊಳಗೆ ಎಲ್ಲರೂ ದೇವರನ್ನ ಕೂಗಿದ್ರು. ನಾನೂ ಕೂಗಿದೆ. ವಾಚಲ್ಲಿ ಎಪ್ಪತ್ತೆರಡು. ಅಲ್ಲೇ ನನಗೆ ಅನುಮಾನ ಬಂತು.

ಜಿಮ್ಮಿನ ಪಕ್ಕ ಹಿಂಡಿ, ಬೂಸಾ ಮಾರೋನೊಬ್ಬ ಇದ್ದಾನೆ. ಪಣಕಹಳ್ಳಿಯೋನು, ನನ್ನ ವಾರಗೆಯೋನು. ಅವನಿಗೆ ತೋರಿಸಿದೆ. ಅವನು ಒಳಗೆ ಹೋಗಿ, ಒಂದು ಮುಸುಕಿನ ಜೋಳದ ತೆನೆ ತಂದು, ವಾಚನ್ನ ಅದಕ್ಕೆ ಬಿಗಿದು ಕಟ್ಟಿದ. ಕೆಳಗಿನ ಹಸಿರು ದೀಪ ಮಿಣಮಿಣ ಅಂತು. ಇಬ್ಬರೂ ಬಗ್ಗಿ ನೋಡ್ತಾ ಇದ್ವಿ. ಎಪ್ಪತ್ತನಾಲ್ಕು ಅಂತ ಬಂತು. ನಗು ಬರಬೇಕಿತ್ತು, ನನಗೆ ಅಳು ಬಂದಂಗಾಯ್ತು. ಆ ಲಾರಿ ಬರೋ ತನಕ ಇದನ್ನ ನಂಬ್ಕೊಂಡು ಧೈರ್ಯವಾಗಿದ್ನಲ್ಲ ಅಂತ.

ಅವನು ತೆನೇನ ಕೈಲಿ ತಿರುಗಿಸಿ ನೋಡಿ ಅಂದ: "ತೆನೆಗೇನೂ ತೊಂದ್ರೆ ಇಲ್ಲ ಕಣ್ಲಾ. ನಿಂದೇ ಹೇಳಕ್ಕಾಗಲ್ಲ."

ತಾಯತ

ಆಮೇಲೆ ಎದೆಗೆ ಬಿಗಿಯೋ ಬೆಲ್ಟೇ ತರಿಸಿದೆ. ಪಟ್ಟಿ ಒಳಗಡೆ ನೀರು ಹಚ್ಚಿ ಎದೆಗೆ ಬಿಗಿದ್ರೆ ಮೊಬೈಲಲ್ಲಿ ನಂಬರು ಬರ್ತದೆ. ಚೆನ್ನಾಗೇ ಇತ್ತು. ಆದ್ರೆ ಅವ್ವ ಅಷ್ಟರಲ್ಲೇ ತಿಗನಾರೆ ಕಡೆಯ ಪೂಜಾರಪ್ಪನಿಗೆ ಹೇಳಿಬಿಟ್ಟಿದ್ಲು. ಒಬ್ಬ ಮಗ ಹಂಗೆ ಹೋದಮೇಲೆ ಇನ್ನೊಬ್ಬನಿಗೆ ತಾಯತ ಕಟ್ಟಿಸದೆ ಬಿಡೋರುಂಟಾ. ಪೂಜಾರಪ್ಪ ಬಂದ, ತಾಯತ ಎದೆ ಮೇಲೇ ಕೂರಬೇಕು ಅಂದ. ಜಾಗದಲ್ಲಿ ಬೆಲ್ಟಿದೆಯಲ್ಲ ಅಂದೆ. ಅದಕ್ಕೇನಂತೆ ಅಂತ ಬೆಲ್ಟಿನ ಕೆಳಗೇ ತಾಯತ ತೂರಿಸಿ ಕರೀ ದಾರ ಬಿಗಿದ.

ಮಾರನೇ ದಿನ ತೂಕ ಎತ್ತಿದ್ರೆ ನಂಬರು ಇನ್ನೂರ ಹತ್ತು. ಕೆಳಗಿಟ್ರೆ ಸೊನ್ನೆ. ತಾಯತ ಅಡ್ಡ ಬಂದು ಪಟ್ಟಿ ಮೈಗೆ ತಾಗ್ತಾ ಇರ್ಲಿಲ್ಲ. ದಾರ ಬಿಚ್ಚಿದ್ರೆ ಅವ್ವ ಊಟ ಬಿಡ್ತಾಳೆ, ಬಿಚ್ಚದಿದ್ರೆ ಮಿಷನ್ನು ನಾನು ಸತ್ತಿದೀನಿ ಅಂತದೆ. ಒಂದು ವಾರ ಒದ್ದಾಡಿ ಪೂಜಾರಪ್ಪನ ಹತ್ರಾನೇ ಹೋಗಿ ಕಷ್ಟ ಹೇಳಿಕೊಂಡೆ. ಅವನು ಬೆಲ್ಟನ್ನ ಕೈಲಿ ಹಿಡಿದು ಬಹಳ ಹೊತ್ತು ನೋಡಿ, ತಾಯತಾನ ತೋಳಿಗೆ ಬದಲಾಯಿಸಿ ಕಟ್ಟಿದ. ಆಮೇಲೆ ಬಾಗಿಲ ಕಡೆ ಒಂದು ಸಲ ನೋಡಿ ದನಿ ತಗ್ಗಿಸಿದ.

"ಇದ ಯಾವ ಅಂಗಡೀಲಿ ತಕ್ಕೊಂಡ್ರಿ? ನಂಗೂ ಮೆಟ್ಲು ಅತ್ತಿದ್ರೆ ಎದೆ ಇಡ್ಕೋತದೆ."

ನಿಧಾನ

ಬೆಲ್ಟಿನ ಜೊತೆ ಮೊಬೈಲಲ್ಲಿ ಒಬ್ಬ ಹೆಂಗಸಿನ ದನಿ ಇದೆ. ಬಡಿತ ನೂರ ನಲವತ್ತು ದಾಟಿದ್ರೆ ಇಂಗ್ಲಿಷಲ್ಲಿ ನಿಧಾನ ಮಾಡು ಅಂತಾಳೆ. ಒಂದಿನ ಬೆಳಿಗ್ಗೆ ಜೀರಹಳ್ಳಿ ರಸ್ತೇಲಿ ನಾವೈದು ಜನ ಓಡ್ತಾ ಇದ್ವಿ, ಮೊಬೈಲು ನನ್ನ ಕೈಲಿತ್ತು. ತಿರುವಲ್ಲಿ ಆನೆ ನಿಂತಿತ್ತು. ಹುಡುಗ್ರು ಯಾವಾಗ ಹಿಂದಕ್ಕೆ ತಿರುಗಿದ್ರೋ, ಯಾವಾಗ ಮಾಯವಾದ್ರೋ ದೇವರೇ ಬಲ್ಲ. ನಾನೂ ಓಡಿದೆ. ಕೈಯೊಳಗಿಂದ ಆಯಮ್ಮ ಸ್ಲೋ ಡೌನ್, ಸ್ಲೋ ಡೌನ್ ಅಂತಾನೇ ಇದ್ಲು. ಹಿಂದೆ ಆನೆ, ಒಳಗೆ ಎದೆ, ಯಾವುದು ಮೊದಲು ನನ್ನ ಹೊಡೆದು ಹಾಕುತ್ತೋ ಗೊತ್ತಾಗಲಿಲ್ಲ. ನಿಜವಾಗ್ಲೂ ಅಣ್ಣ ನೆನಪಾದ.

ಚೆಕ್ ಪೋಸ್ಟಿನ ಹತ್ರ ಕುಸಿದು ಕೂತೆ. ಅಲ್ಲಿದ್ದ ಫಾರೆಸ್ಟು ವಾಚರ್ ನೀರು ಕೊಟ್ಟು, ಎಲ್ಲಾ ಕೇಳಿ, ಆಯಮ್ಮ ಸರಿಯಾಗೇ ಹೇಳವ್ಳೆ ಅಂದ. ಆನೆ ಮುಂದೆ ಯಾವತ್ತೂ ಓಡಬಾರದಂತೆ.

ಎರಡು ಗೀಟು

ಆನೆ ಸುದ್ದಿ ಕೇಳಿದ ಮೇಲೆ ಅವ್ವ ಮನೇಲಿ ಕೂರ್ಲಿಲ್ಲ. ಜಿಮ್ಮಿಗೇ ಬಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು, ಮೊಬೈಲನ್ನ ಮಡಿಲಲ್ಲಿಟ್ಟುಕೊಂಡು ನಂಬರು ಕಾಯಕ್ಕೆ ಶುರು ಮಾಡಿದ್ಲು. ಓದು ಬರಲ್ಲ. ಅದಕ್ಕೆ ನಾನೇ ಹೇಳಿಕೊಟ್ಟಿದ್ದೆ, ನಂಬರು ಕುಣೀತಾ ಇದ್ರೆ ನಾನು ಚೆನ್ನಾಗಿದೀನಿ ಅಂತ ತಿಳ್ಕೋ ಅಂತ. ಅಲ್ಲೇ ತೂಕ ಎತ್ತುವಾಗ ಅದು ಕುಣೀತಾನೇ ಇತ್ತು. ಅವ್ವನ ಮುಖದಲ್ಲೂ ಸ್ವಲ್ಪ ಗೆಲುವು ಬಂತು.

ಆಯ್ಕೆ ಹತ್ರ ಬಂತು ಅಂತ ಒಂದು ಬೆಳಿಗ್ಗೆ ಹುಡುಗ್ರ ಜೊತೆ ಓಟಕ್ಕೆ ಹೊರಟೆ. ಮೊಬೈಲು ಕೊಡು ಅಂದ್ರೆ ಅವ್ವ ಕೊಡ್ಲಿಲ್ಲ, ನಾನೇ ನೋಡ್ಕೋತೀನಿ ಅಂದ್ಲು. ಬೆಲ್ಟು ಒಂದು ಕಡೆ, ಮೊಬೈಲು ಒಂದು ಕಡೆ ಆದ್ರೆ ಹತ್ತಿಪ್ಪತ್ತು ಹೆಜ್ಜೆ ಆಚೆಗೆ ಲೆಕ್ಕ ನಿಂತುಹೋಗ್ತದೆ ಅಂತ ಪೆಟ್ಟಿಗೆ ಮೇಲೆ ಬರೆದಿತ್ತಂತೆ. ಪೆಟ್ಟಿಗೆ ಮೇಲಿಂದು ಯಾರು ಓದ್ತಾರೆ. ನಾನು ಸಂತೆ ಮಾಳ ದಾಟೋ ಹೊತ್ತಿಗೆ ಅವ್ವನ ಮಡಿಲಲ್ಲಿದ್ದ ಮೊಬೈಲಲ್ಲಿ ನಂಬರು ಹೋಗಿ ಎರಡು ಗೀಟು ಬಂದಿದ್ವು.

ಒಂದು ಗಂಟೆ ಬಿಟ್ಟು ವಾಪಸ್ ಬಂದ್ರೆ ಜಿಮ್ಮಿನ ಮುಂದೆ ಜನವೋ ಜನ. ಯಾರೋ ಸತ್ತವ್ರೆ ಅಂದ್ಕೊಂಡು ನಡಿಗೆ ನಿಧಾನ ಮಾಡಿದೆ. ಬೂಸಾ ಅಂಗಡಿಯೋನು ಬಾಗಿಲು ಎಳೆದು, ತಲೆಗೆ ಟವಲು ಹಾಕ್ಕೊಂಡು ಕೂತಿದ್ದ. ನಮ್ಮ ಸೋದರಮಾವ ಚೆಂಡು ಹೂವಿನ ದೊಡ್ಡ ಹಾರ ಹಿಡಿದು ನಿಂತಿದ್ದ. ನನ್ನ ಹುಡುಕಕ್ಕೆ ಇಬ್ಬರು ಬೈಕಲ್ಲಿ ಬೇರೆ ದಾರಿ ಹಿಡಿದು ಹೋಗಿದ್ರಂತೆ. ಯಾರು ಹೋಗ್ಬುಟ್ರು ಮಾವ ಅಂತ ಕೇಳ್ದೆ. ಮಾವ ನನ್ನ ಮೇಲಿಂದ ಕೆಳಗೆ ನೋಡಿದ. ಹಾರ ನೋಡಿದ. ಸಾವಿಗೆ ತಂದ ಹಾರ ಹೊತ್ಕೊಂಡು ಹಂಗೇ ಮನೆಗೆ ಹೋಗಬಾರದು ಅಂತ ನಮ್ಮ ಕಡೆ ಹಿರೀಕರು ಹೇಳ್ತಾರೆ. ಅವನಿಗೂ ಬೇರೇನು ಮಾಡಬೇಕೋ ತೋಚಲಿಲ್ಲ ಅಂತ ಕಾಣುತ್ತೆ, ತಂದು ನನ್ನ ಕೊರಳಿಗೇ ಹಾಕ್ಬುಟ್ಟ.

ಜನ ಗೊಳ್ಳಂತ ನಕ್ಕಿದ್ದು ಆಗ. ಅಣ್ಣ ಹೋದ ಮೇಲೆ ನಮ್ಮೋರು ಅಷ್ಟು ನಕ್ಕಿದ್ದು ನಾನು ಕಂಡಿರಲಿಲ್ಲ. ಬೂಸಾ ಅಂಗಡಿಯೋನು ಟವಲಿಂದ ಕಣ್ಣು ಒರೆಸ್ಕೊಂಡು ನಗ್ತಾ ಇದ್ದ. ನಾನೂ ನಗಕ್ಕೆ ಹೊರಟೆ.

ಅವ್ವ ನಗಲಿಲ್ಲ. ಮೊಬೈಲನ್ನ ಕುರ್ಚಿ ಮೇಲೆ ಬಿಟ್ಟು, ಜನರನ್ನ ಸರಿಸಿಕೊಂಡು ಬಂದ್ಲು. ನನ್ನ ಮುಖಾನೂ ನೋಡಲಿಲ್ಲ. ಹಾರಾನ ಪಕ್ಕಕ್ಕೆ ತಳ್ಳಿ ಬೆವರು ಬೆವರು ಎದೆಗೆ ಕಿವಿ ಇಟ್ಟು ನಿಂತ್ಕೊಂಡ್ಲು. ಎಲ್ಲರೂ ನೋಡ್ತಾವ್ರೆ ಬುಡವ್ವ ಅಂದೆ.

"ಸುಮ್ಕಿರ್ಲಾ," ಅಂದ್ಲು. "ಎಣಿಸ್ತಾ ಇವ್ನಿ."

ಅವ್ವನಿಗೆ ಇಪ್ಪತ್ತರ ಮೇಲೆ ಎಣಿಕೆ ಬರಲ್ಲ. ಇಪ್ಪತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದ್ಲು.