ಒಂದಕ್ಷರವೂ ಬಿಡಬೇಡಿ

ಅನಾಹುತ ಶುರುವಾದದ್ದು ಒಂದು ಉದಾರ ಮನಸ್ಸಿನಿಂದ. ಮನಸ್ಸು ಗಂಡನದು, ಕಂಪ್ಯೂಟರು ಹೆಂಡತಿಯದು.

"ನಿನ್ನ ಆ ಹಳೇ ಡಬ್ಬ ಇದೆಯಲ್ಲ, ಅದನ್ನ ನಮ್ಮ ಕಟ್ಟಡದ ಸಂಘಕ್ಕೆ ಕೊಟ್ಟುಬಿಟ್ಟೆ," ಎಂದ ಗಂಡ, ಬಾಯಿ ತುಂಬ ಹಲ್ಲುಪುಡಿಯ ನೊರೆ ಇಟ್ಟುಕೊಂಡು.

"ಯಾವಾಗ ಕೊಟ್ರಿ?"

"ಭಾನುವಾರದ ಮೀಟಿಂಗಲ್ಲಿ. ಎಲ್ಲರೂ ಚಪ್ಪಾಳೆ ತಟ್ಟಿದ್ರು ಕಣೇ. ಇವತ್ತು ಸಂಜೆ ಐದಕ್ಕೆ ಬಂದು ತಗೊಂಡು ಹೋಗ್ತಾರೆ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳೋದೇನು? ನಿನಗೆ ಹೊಸದು ಕೊಡಿಸಿಲ್ವಾ ನಾನು?"

ಹೊಸದು ಎಂದರೆ ಅವನ ಹಳೆಯ ಫೋನು. ಎಂದಿನ ಸಿಟ್ಟಿನ ಜೊತೆಗೆ ಇವತ್ತು ಅವಳಿಗೆ ಭಯವೂ ಆಯಿತು.

ಅವಳ ಕೆಲಸ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು. ಇಪ್ಪತ್ತೆರಡು ವರ್ಷಗಳಿಂದ ಕೆಂಪು ಪೆನ್ನು ಹಿಡಿದು ಕಂಡವರ ತಪ್ಪುಗಳನ್ನು ಹೆಕ್ಕುತ್ತ ಬಂದಿದ್ದಳು. ಅಚ್ಚುಕೂಟದವರು ಪ್ರೀತಿಯಿಂದ 'ಕರಡಮ್ಮ' ಎನ್ನುತ್ತಿದ್ದರು. ಪ್ರೀತಿ ಕಡಿಮೆಯಾದ ದಿನ ಅವಳ ಬೆನ್ನ ಹಿಂದೆ ಆ ಹೆಸರು 'ಕರಡಿ' ಎಂದು ಚಿಕ್ಕದಾಗುತ್ತಿತ್ತು.

ಪುಸ್ತಕದಲ್ಲಿ ತಪ್ಪು ಉಳಿದುಹೋದರೆ ಕೊನೆಯಲ್ಲಿ ಒಂದು ಒಪ್ಪೋಲೆ ಸೇರಿಸುತ್ತಾರೆ. ಎಡಕ್ಕೆ ತಪ್ಪು, ಬಲಕ್ಕೆ ಒಪ್ಪು. ಮನೆಯಲ್ಲಿ ಅಂಥ ಸೌಕರ್ಯ ಇರಲಿಲ್ಲ. ಹಾಗಾಗಿ ಹನ್ನೊಂದು ವರ್ಷದ ಹಿಂದೆ, ಒಂದು ದಿನ ಮನಸ್ಸು ಕುದಿಯುತ್ತಿದ್ದಾಗ, ಅವಳು ತನ್ನ ಕಂಪ್ಯೂಟರಿನಲ್ಲಿ 'ಒಪ್ಪೋಲೆ' ಎಂಬ ಫೈಲು ತೆರೆದಿದ್ದಳು. ಎಡಗಡೆ, ಮನೆಯವರು, ನೆರೆಯವರು ಆಡಿದ ಮಾತು. ಬಲಗಡೆ, ಅವರು ಆಡಬೇಕಾಗಿದ್ದ ಮಾತು.

ಗಂಡ. ತಪ್ಪು: 'ನನ್ನ ಕನ್ನಡಕ ಎಲ್ಲಿಟ್ಟೆ?' ಒಪ್ಪು: 'ನನ್ನ ಕನ್ನಡಕ ನಾನು ಎಲ್ಲಿಟ್ಟೆ?'

ಅತ್ತೆ. ತಪ್ಪು: 'ನಮ್ಮ ಕಾಲದಲ್ಲಿ ನಾವು ಹೀಗೆಲ್ಲ ಸುಸ್ತು ಅಂತಿರಲಿಲ್ಲ.' ಒಪ್ಪು: 'ನಮ್ಮ ಕಾಲದಲ್ಲೂ ಸುಸ್ತಾಗ್ತಿತ್ತು, ಹೇಳೋ ಧೈರ್ಯ ಇರಲಿಲ್ಲ.'

ಮೇಲ್ಮನೆಯವರು. ತಪ್ಪು: 'ಒಂದೇ ನಿಮಿಷ ಮಾತಾಡಿ ಹೊರಟುಬಿಡ್ತೀನಿ.' ಒಪ್ಪು: 'ದಿಂಬು ಇದ್ರೆ ಕೊಡಿ.'

ಹೀಗೆ ಒಂದು ಸಾವಿರದ ಇನ್ನೂರು ಚಿಲ್ಲರೆ. ಬೇರೆ ಹೆಂಗಸರು ಪಾತ್ರೆ ಕುಕ್ಕುತ್ತಾರೆ, ತವರಿಗೆ ಫೋನು ಮಾಡುತ್ತಾರೆ. ಇವಳು ಒಂದು ಸಾಲು ಟೈಪು ಮಾಡಿ ಎದ್ದರೆ ಮುಖ ತೊಳೆದಷ್ಟು ಹಗುರವಾಗುತ್ತಿದ್ದಳು. ಆ ಸಾಲುಗಳು ಸಂಘದ ಕೋಣೆಯಲ್ಲಿ ಹತ್ತು ಮನೆಯವರ ಕಣ್ಣಿಗೆ ಬಿದ್ದರೆ ಅವಳು ಆ ಮೆಟ್ಟಿಲು ಹತ್ತುವುದು ಹೇಗೆ, ಅದೇ ಗಂಡನ ಎದುರು ಕೂತು ಉಣ್ಣುವುದು ಹೇಗೆ?

ಅವಳು ಕೂಡಲೇ ಕಂಪ್ಯೂಟರು ಹಾಕಿ ಒಪ್ಪೋಲೆಯನ್ನು ಡಿಲೀಟ್ ಮಾಡಿದಳು. ಕಸದ ಬುಟ್ಟಿಯ ಚಿತ್ರ ಒತ್ತಿ ಅದನ್ನೂ ಖಾಲಿ ಮಾಡಿದಳು. ಮಗುವನ್ನು ಬಸ್ ನಿಲ್ದಾಣದಲ್ಲಿ ಬಿಟ್ಟು ಬಂದವಳ ಮುಖ ಹೊತ್ತು ಕೆಲಸಕ್ಕೆ ಹೊರಟಳು.

ಅವತ್ತು ಅವಳ ಮೇಜಿನ ಮೇಲಿದ್ದದ್ದು 'ಸಂಸಾರದಲ್ಲಿ ಸಹನೆ' ಎಂಬ ಪುಸ್ತಕದ ಕೊನೆಯ ಕರಡು. ಬರೆದವರು ಮದುವೆಯಾಗದ ಮಹನೀಯರು. ಹತ್ತು ಪುಟ ಓದುವುದರೊಳಗೆ ಅವಳ ಸಹನೆ ಮುಗಿಯಿತು. ಪಕ್ಕದಲ್ಲಿದ್ದ ಪುಟ ಜೋಡಿಸುವವನನ್ನು ಸುಮ್ಮನೆ ಕೇಳಿದಳು:

"ಅಲ್ಲಪ್ಪಾ, ಕಂಪ್ಯೂಟರಲ್ಲಿ ಅಳಿಸಿದ್ದು ಅಳಿಸಿದ ಹಾಗೇ ತಾನೆ?"

ಅವನು ಲೋಟ ನೀರು ಕೇಳಿದರೆ ಬಾವಿ ತೋಡಲು ಹೊರಡುವ ಜಾತಿ. ಕುರ್ಚಿಯನ್ನೇ ತಿರುಗಿಸಿಕೊಂಡ.

"ಅಯ್ಯೋ ಕರಡಮ್ಮ! ಡಿಲೀಟ್ ಅಂದ್ರೆ ಏನು ಅಂದ್ಕೊಂಡಿದೀರಿ? ಪುಸ್ತಕದಿಂದ ಪರಿವಿಡಿ ಹಾಳೆ ಹರಿದ ಹಾಗೆ, ಅಷ್ಟೆ. ಪುಟಗಳೆಲ್ಲ ಒಳಗೆ ಹಾಗೇ ಕೂತಿರ್ತವೆ. ಬೇರೆ ಏನಾದ್ರೂ ಬಂದು ಅವುಗಳ ಮೇಲೆ ಕೂರೋವರೆಗೂ ಜಾಗ ಬಿಡಲ್ಲ."

"ಮತ್ತೆ ಬುಟ್ಟಿ ಖಾಲಿ ಮಾಡಿದ್ರೂ?"

"ಬುಟ್ಟಿ ಅನ್ನೋದು ನೋಡೋರಿಗೆ ಕಣ್ಣೊರೆಸೋ ಆಟ. ಗೊತ್ತಿರೋರು ಅರ್ಧ ಗಂಟೇಲಿ ಎಲ್ಲಾ ವಾಪಸ್ ತೆಗೀತಾರೆ. ನಿಜವಾಗಿ ಅಳಿಸಬೇಕು ಅಂದ್ರೆ ಹಾರ್ಡ್ ಡಿಸ್ಕಿನ ಆ ತುದಿಯಿಂದ ಈ ತುದಿವರೆಗೆ ಸೊನ್ನೆ ಬರೀಬೇಕು. ಅದಕ್ಕೇ ಬೇರೆ ಸಾಫ್ಟ್‌ವೇರ್ ಇದೆ. ಗಂಟೆಗಟ್ಟಲೆ ಹಿಡಿಯುತ್ತೆ. ಯಾಕೆ, ಒಳಗೆ ಅಂಥಾದ್ದೇನಿದೆ?"

"ಏನಿಲ್ಲ," ಎಂದಳು ಅವಳು. ಕರಡನ್ನು ಮಡಚಿಟ್ಟು ಎದ್ದಳು.

ಅಚ್ಚುಕೂಟದ ಮಾಲೀಕರ ಮುಂದೆ ನಿಂತಾಗ ಅವರು ತಲೆ ಎತ್ತಲಿಲ್ಲ. "ಸಹನೆ ಇವತ್ತು ಅಚ್ಚಿಗೆ ಹೋಗಬೇಕು."

"ಒಂದು ಗಂಟೇಲಿ ಬರ್ತೀನಿ ಸಾರ್."

"ನೀವಿಲ್ಲದೆ ಸಹನೆ ಹೋಗಲ್ಲ, ನೆನಪಿರಲಿ."

ಅವಳು ಓಡಿದಳು. ಮನೆಗೆ ಬಂದಾಗ ಗಂಡ ವಾರದ ರಜೆಯ ಪ್ರಯುಕ್ತ ಸೋಫಾದ ಮೇಲೆ ಚಾಪೆಯಂತೆ ಹಾಸಿಕೊಂಡಿದ್ದ. ಅವಳ ಕಂಪ್ಯೂಟರಿನ ಮುಂದೆ ಮೇಲ್ಮನೆಯವರು ಅಳತೆ ಟೇಪು ಹಿಡಿದು ಬಗ್ಗಿದ್ದರು. ಅವರು ಸಂಘದ ಕಾರ್ಯದರ್ಶಿ. ನೀರಿನ ತೊಟ್ಟಿಯ ಮುಚ್ಚಳ ತೆರೆಯುವುದಕ್ಕೂ ನಿರ್ಣಯ ಮಾಡಿಸುವ ಅವರನ್ನು ಕಟ್ಟಡದವರೆಲ್ಲ 'ನಿರ್ಣಯದವರು' ಎಂದೇ ಕರೆಯುತ್ತಿದ್ದರು.

"ಬನ್ನಿ ಮೇಡಮ್. ಕೋಣೆಯಲ್ಲಿ ಎಲ್ಲಿಡಬೇಕು ಅಂತ ಅಳತೆ ತಗೋತಿದ್ದೆ. ಒಂದೇ ನಿಮಿಷ, ಹೊರಟುಬಿಡ್ತೀನಿ."

ಅವಳು ಸಿಪಿಯು ಡಬ್ಬದ ವೈರುಗಳನ್ನೆಲ್ಲ ಕಿತ್ತು, ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಸೊಂಟಕ್ಕೇರಿಸಿದಳು.

"ಎಲ್ಲಿಗೆ ಒಯ್ತಾ ಇದೀರಿ? ಅದು ಈಗ ಸಂಘದ ಆಸ್ತಿ! ನಿರ್ಣಯ ಆಗಿದೆ!"

"ವೈರಸ್ ಇದೆ. ರಿಪೇರಿ ಮಾಡಿಸಿ ಕೊಡ್ತೀನಿ."

ಒಳಕೋಣೆಯಿಂದ ಅತ್ತೆಯ ದನಿ ಬಂತು. "ವೈರಸ್ಸಾ? ಅದಕ್ಕೇ ಮತ್ತೆ ನನ್ನ ಕೆಮ್ಮು ಹೋಗ್ತಾ ಇಲ್ಲ! ಇಷ್ಟು ವರ್ಷದಿಂದ ಮನೇಲಿ ಇಟ್ಕೊಂಡಿದಾಳೆ, ಒಂದು ಮಾತು ಹೇಳಿದಾಳಾ?"

"ಅತ್ತೆ, ಅದು ಆ ಥರದ್ದಲ್ಲ. ಒಳಗಿರೋದನ್ನ ಅಳಿಸಿದ್ರೆ ಸರಿಹೋಗುತ್ತೆ."

"ಯಾರನ್ನ ಅಳಿಸ್ತೀಯೇ? ನನ್ನನ್ನೇ ತಾನೆ? ಅಳಿಸು, ಅಳಿಸು!"

ಗಂಡ ಕಣ್ಣು ಬಿಡದೆಯೇ ತೀರ್ಪು ಕೊಟ್ಟ. "ಅಮ್ಮನ ಜೊತೆ ಜಗಳ ಆಡಬೇಡ ಕಣೇ."

ಎಡಗಡೆಗೆ ಇನ್ನೊಂದು ಸಾಲು ಸಿಕ್ಕಿತು, ಬರೆಯಲು ಜಾಗ ಮಾತ್ರ ಅವಳ ಸೊಂಟದ ಮೇಲಿತ್ತು. ಅವಳು ಮೆಟ್ಟಿಲಿಳಿದಳು. ನಿರ್ಣಯದವರು ಅಳತೆ ಟೇಪನ್ನು ಬಾಲದಂತೆ ಎಳೆದುಕೊಂಡು ಬೀದಿಯ ಬಾಗಿಲವರೆಗೆ ಹಿಂಬಾಲಿಸಿದರು. "ಐದು ಗಂಟೆ ಮೇಡಮ್! ಐದು ಅಂದ್ರೆ ಐದು!"

ದಾರಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ತಪ್ಪು ಆಡಿದವರು ಕಾಲು ಚಾಚಿ ಮಲಗಿದ್ದಾರೆ. ತಪ್ಪನ್ನು ಗುರುತು ಹಾಕಿಕೊಂಡವಳು ಕಳ್ಳಿಯ ಹಾಗೆ ಗಂಟು ಹೊತ್ತು ಓಡುತ್ತಿದ್ದಾಳೆ. ಇದೆಂಥ ನ್ಯಾಯ? ಬರೆದದ್ದರಲ್ಲಿ ಒಂದಾದರೂ ಸುಳ್ಳಿದೆಯೇ? ಸುಳ್ಳಿಲ್ಲ ಎಂಬುದೇ ದೊಡ್ಡ ತೊಂದರೆ ಎಂದು ಅವಳಿಗೆ ಹೊಳೆಯಿತು. ಇನ್ನೂ ಬೇಗ ನಡೆದಳು.

ಕಂಪ್ಯೂಟರ್ ರಿಪೇರಿ ಅಂಗಡಿಯ ಒಡತಿ ಕಿವಿ ಮತ್ತು ಭುಜದ ನಡುವೆ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಯಾರದೋ ಲ್ಯಾಪ್‌ಟಾಪಿನ ಹೊಟ್ಟೆ ಬಗೆಯುತ್ತಿದ್ದಳು. ಮುಂದೆ ಆರು ಜನ ನಿಂತಿದ್ದರು.

"ಅಲ್ಲಿಡಿ ಅಕ್ಕಾ. ಏನು ಮಾಡಬೇಕು ಅಂತ ಚೀಟಿ ಬರೆದು ಅಂಟಿಸಿ. ಸರದಿ ಪ್ರಕಾರ ನೋಡ್ತೀನಿ."

"ಸ್ವಲ್ಪ ಅರ್ಜೆಂಟಿತ್ತು..."

"ಎಲ್ಲರದ್ದೂ ಅರ್ಜೆಂಟೇ ಅಕ್ಕಾ. ಚೀಟಿ ಅಂಟಿಸಿ, ಮನೆ ಫೋನ್ ನಂಬರ್ ಹಾಕಿ."

ಅಷ್ಟರಲ್ಲಿ ಮಾಲೀಕರ ಫೋನು ಬಂತು. ಸಹನೆ ಕಾಯುತ್ತಿದೆ ಎಂದರು. ಅವಳು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು ತೆಗೆದು, ಡಬ್ಬದ ಓರೆಯಾದ ಬೆನ್ನ ಮೇಲೆ ಚೀಟಿ ಇಟ್ಟು ಬರೆದಳು: 'ಎಲ್ಲ ಅಳಿಸಿ. ಒಂದಕ್ಷರವೂ ಬಿಡಬೇಡಿ.' ಎರಡನೆಯ ವಾಕ್ಯದ ಕೆಳಗೆ ಎರಡು ಗೆರೆ ಎಳೆದಳು. ಅಂಟಿಸಿ ಓಡಿದಳು.

ಸಹನೆಯನ್ನು ಅಚ್ಚಿಗೆ ಕಳಿಸುವಷ್ಟರಲ್ಲಿ ಆರು ಗಂಟೆ. ಅವಳು ಅಂಗಡಿಗೆ ಬಂದಾಗ ಡಬ್ಬ ಇಟ್ಟಿದ್ದ ಜಾಗದಲ್ಲಿ ಡಬ್ಬ ಇರಲಿಲ್ಲ.

"ನಿಮ್ಮ ಯಜಮಾನ್ರೂ ಇನ್ನೊಬ್ಬರು ಟೇಪು ಹಿಡ್ಕೊಂಡಿದ್ದೋರೂ ಬಂದು ತಗೊಂಡು ಹೋದ್ರು ಅಕ್ಕಾ, ನಾಲ್ಕು ಗಂಟೆಗೇ. ನಾನೇ ಮನೆಗೆ ಫೋನ್ ಮಾಡಿದ್ದೆ." ಒಡತಿ ಬೆವರು ಒರೆಸಿಕೊಂಡು ನಕ್ಕಳು. "ಕೆಲಸ ನೀಟಾಗಿ ಆಗಿದೆ."

"ಎಲ್ಲಾ ಹೋಯ್ತಾ?"

"ಹೋಗೋದಾ? ಎಲ್ಲಾ ಬಂತು! ಪಾಪ, ಯಾರೋ ಬೆಳಿಗ್ಗೆ ಕೈತಪ್ಪಿ ಡಿಲೀಟ್ ಮಾಡಿಬಿಟ್ಟಿದ್ರು. ಬೇರೆಯೋರಾಗಿದ್ರೆ ಕೈ ಬಿಡ್ತಿದ್ರು. ನೀವು ಅಷ್ಟು ಸಂಕಟದಿಂದ ಬರೆದಿದ್ರಲ್ಲ, ಅದಕ್ಕೇ ಊಟ ಬಿಟ್ಟು ಕೂತು ಒಂದೊಂದೇ ಸಾಲು ಎತ್ತಿದೆ. ಮತ್ತೆ ಕಳೆದುಹೋದ್ರೆ ಅಂತ ಪ್ರಿಂಟೂ ತೆಗೆದುಕೊಟ್ಟೆ ಯಜಮಾನ್ರ ಕೈಗೆ."

"ನಾನು ಅಳಿಸಿ ಅಂತ ಬರೆದಿದ್ದೆ!"

"ಉಳಿಸಿ ಅಂತ ಬರೆದಿದ್ರಿ." ಒಡತಿ ಮೊಳೆಗೆ ಚುಚ್ಚಿದ್ದ ಚೀಟಿ ಎಳೆದು ಮುಂದಿಟ್ಟಳು. "ನೋಡಿ. 'ಎಲ್ಲ ಉಳಿಸಿ. ಒಂದಕ್ಷರವೂ ಬಿಡಬೇಡಿ.' ಬಿಟ್ಟಿಲ್ಲ ಅಕ್ಕಾ, ಒಂದೇ ಒಂದೂ ಬಿಟ್ಟಿಲ್ಲ."

ಅವಳು ಚೀಟಿಯನ್ನು ದೀಪದ ಕೆಳಗೆ ಹಿಡಿದಳು. ಓರೆ ಡಬ್ಬದ ಮೇಲೆ ಜಾರಿದ ಪೆನ್ನು 'ಅ'ದ ಹೊಟ್ಟೆಯನ್ನು ಬಿಚ್ಚಿ ಬಾಲವನ್ನು ಮೇಲಕ್ಕೆ ಎತ್ತಿಬಿಟ್ಟಿತ್ತು. ಬೇರೆಯವರ ಕರಡಿನಲ್ಲಿ ಬಂದಿದ್ದರೆ ಅವಳೂ ಅದನ್ನು 'ಉ' ಎಂದೇ ಓದಿ ಮುಂದಕ್ಕೆ ಹೋಗುತ್ತಿದ್ದಳು.

ನಾಲ್ಕರಿಂದ ಆರು. ಎರಡು ಗಂಟೆ. ಅಷ್ಟರಲ್ಲಿ ಮೂವರೂ ಓದಿ ಮುಗಿಸಿರುತ್ತಾರೆ.

ಮನೆಯ ಹಾದಿಯಲ್ಲಿ ಅವಳು ಮೊದಲು ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡಳು. ಎರಡನೆಯ ತಿರುವಿನಲ್ಲಿ ಅವನ್ನೆಲ್ಲ ಹೊಡೆದುಹಾಕಿದಳು. ಕ್ಷಮೆ ಯಾಕೆ? ಕೇಳಲಿ, ಇವತ್ತು ಒಬ್ಬರಾದರೂ ಕೇಳಲಿ, ಹನ್ನೊಂದು ವರ್ಷದ್ದನ್ನು ಗಟ್ಟಿಯಾಗಿ ಓದಿಯೇ ಹೇಳುತ್ತೇನೆ. ಮೆಟ್ಟಿಲು ಹತ್ತುವಾಗ ಅವಳ ಮೂಗಿನ ಹೊಳ್ಳೆ ಅರಳಿತ್ತು. ಆ ಸಿಟ್ಟಿನ ಅಡಿಯಲ್ಲಿ, ತನಗೇ ಒಪ್ಪಿಕೊಳ್ಳಲಾಗದ ಒಂದು ಸಣ್ಣ ಆಸೆಯೂ ಇತ್ತು. ಕೊನೆಗೂ ಓದಿದರಲ್ಲ. ಓದಿದ ಮೇಲೆ ಮನುಷ್ಯರು ಸ್ವಲ್ಪವಾದರೂ ಬೇರೆಯಾಗುವುದಿಲ್ಲವೇ?

ಬಾಗಿಲು ತೆರೆದೇ ಇತ್ತು.

"ಬಾ ಮಗಳೇ," ಎಂದರು ಅತ್ತೆ. "ಎಷ್ಟು ಹೊತ್ತಾಯ್ತು! ಬಾಗಿಲ ಕಡೆನೇ ನೋಡ್ತಾ ಕೂತಿದ್ದೆ."

ಮದುವೆಯಾಗಿ ಬಂದಂದಿನಿಂದ ಆ ಬಾಯಿಯಿಂದ 'ಮಗಳೇ' ಎಂಬ ಪದ ಹೊರಬಿದ್ದಿರಲಿಲ್ಲ.

"ಮೇಡಮ್, ನಾನು ಕೂತಿರೋದು ನಿಮಗೆ ತೊಂದರೆ ಆಗೋದಾದ್ರೆ ಈಗಲೇ ಎದ್ದು ಹೋಗ್ತೀನಿ," ಎಂದರು ನಿರ್ಣಯದವರು.

ಗಂಡ ಸೋಫಾದ ಮೇಲೆ ನೆಟ್ಟಗೆ ಕೂತ. ಗಂಟಲು ಸರಿಮಾಡಿಕೊಂಡ. "ದಿನವೆಲ್ಲ ದುಡಿದು ಬಂದಿದೀಯ. ದಣಿವಾಗಿರಬೇಕು. ಟೀ ಮಾಡಲಾ?"

ಅವಳು ಕಟ್ಟಿಕೊಂಡು ಬಂದಿದ್ದ ಯುದ್ಧವೆಲ್ಲ ಕರಗಿ ಕಣ್ಣಿಗೆ ಬಂತು. "ಹೂಂ, ಮಾಡಿ," ಎಂದು ಕುರ್ಚಿಗೆ ಒರಗಿದಳು. ಆ ಕುರ್ಚಿಯಲ್ಲಿ ಅವಳು ಸಂಜೆಯ ಹೊತ್ತು ಕೂತದ್ದೇ ಇಲ್ಲ.

ಒಂದು ನಿಮಿಷವಾಯಿತು. ಗಂಡ ನಗುತ್ತ ಕೂತೇ ಇದ್ದ. ನಿರ್ಣಯದವರು ಬೆನ್ನಿಗೆ ಇನ್ನೊಂದು ದಿಂಬು ಸೇರಿಸಿಕೊಂಡರು. ಅತ್ತೆ ಬಾಗಿಲ ಕಡೆ ನೋಡುವುದನ್ನು ಮುಂದುವರಿಸಿದರು.

"ಟೀ?" ಎಂದಳು ಅವಳು.

"ಕೇಳಿದ್ನಲ್ಲ!"

"ಕೇಳಿದ್ರಿ. ಮಾಡೋದು?"

ಗಂಡ ಗಾಬರಿಯಾಗಿ ಪಕ್ಕದಲ್ಲಿದ್ದ ಕಾಗದದ ಕಟ್ಟನ್ನು ತಿರುವಿದ. ಬೆರಳಿಗೆ ಉಗುಳು ಹಚ್ಚಿ ಪುಟ ಹುಡುಕಿದ. "ಇಲ್ನೋಡು. ಎಡಗಡೆ, 'ಟೀ ಆಯ್ತಾ?' ಬಲಗಡೆ, 'ದಿನವೆಲ್ಲ ದುಡಿದು ಬಂದಿದೀಯ, ದಣಿವಾಗಿರಬೇಕು, ಟೀ ಮಾಡಲಾ?' ಅಷ್ಟೇ ಇರೋದು. ಮಾಡಿಕೊಟ್ಟ ಅಂತ ಎಲ್ಲೂ ಇಲ್ಲ. ಬೇಕಾದ್ರೆ ಇವರನ್ನೇ ಕೇಳು, ಮೂರು ಜನಾನೂ ಹುಡುಕಿದ್ವಿ."

"ಇಲ್ಲ ಮೇಡಮ್, ಎಲ್ಲೂ ಇಲ್ಲ," ಎಂದರು ನಿರ್ಣಯದವರು. "ಇನ್ನು ಮುಂದೆ ಬಲಗಡೆ ಇರೋ ಪ್ರಕಾರವೇ ಮಾತಾಡೋದು ಅಂತ ನಿರ್ಣಯ ಮಾಡಿದೀವಿ. ಅವಿರೋಧವಾಗಿ."

"ಇಷ್ಟೇನಾ ನಿನಗೆ ಬೇಕಾಗಿದ್ದಿದ್ದು!" ಎಂದರು ಅತ್ತೆ, ನಿಜವಾದ ಅಕ್ಕರೆಯಿಂದ. "ಮೊದಲೇ ಹೇಳಬಾರದಿತ್ತಾ? ಬರೀ ಮಾತು ತಾನೆ? ಹನ್ನೊಂದು ವರ್ಷ ಸುಮ್ಮನೆ ಒದ್ದಾಡಿದೀಯಲ್ಲ ಮಗಳೇ."

ಇಂಥ ಮಾತನ್ನು ಅವಳು ಏನೆಂದು ತಿದ್ದುವುದು? ಸಿಟ್ಟು ನೆತ್ತಿಗೇರಿತ್ತು, ಆದರೆ ಎಡಗಡೆ ಬರೆಯಲು ಒಂದೇ ಒಂದು ತಪ್ಪು ಪದ ಸಿಗಲಿಲ್ಲ. ಸಿಕ್ಕಿದ್ದರೂ ಬರೆಯುವ ಜಾಗ ಆಗಲೇ ಸಂಘದ ಕೋಣೆ ಸೇರಿತ್ತು.

ಎದ್ದು ಅಡುಗೆಮನೆಗೆ ಹೋದಳು. ತೊಟ್ಟಿಯಲ್ಲಿ ಬೆಳಗಿನ ತಟ್ಟೆಗಳ ಮೇಲೆ ಮಧ್ಯಾಹ್ನದ ತಟ್ಟೆಗಳಿದ್ದವು, ಅವುಗಳ ಮೇಲೆ ಓದುತ್ತ ಕುಡಿದ ಮೂರು ಲೋಟ. ಒಲೆ ಹಚ್ಚಿ ನೀರಿಟ್ಟಳು.

ನಡುಮನೆಯಿಂದ ಮೊದಲು ಗಂಡನ ದನಿ ಬಂತು, ಆಮೇಲೆ ಅತ್ತೆಯದು, ಕೊನೆಗೆ ನಿರ್ಣಯದವರದು. "ಪಾಪ, ಒಬ್ಬಳೇ ಎಷ್ಟು ಅಂತ ಮಾಡ್ತಾಳೆ."

ಮೂರು ಸಲವೂ ಒಂದಕ್ಷರ ತಪ್ಪಿರಲಿಲ್ಲ.